ಸ್ಟ್ಯಾಂಡ್‌ಆಫ್: ಕಾಂಕ್ರೀಟಿಗಿಂತ ಮೊದಲು ಬೇಕಾದ ಖಾಲಿ ಜಾಗ

ಮುಂಬೈ ಕಡೆಯ ಮಾಟುಂಗ, ಡೊಂಬಿವಲಿಯ ಕನ್ನಡಿಗರು ಅಮೆರಿಕದ ವೀಸಾ ಸಂದರ್ಶನಕ್ಕೆ ಈಗ ಹೋಗುವುದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ. 2011ರವರೆಗೆ ವೀಸಾ ಕೊಡುವ ಆ ರಾಜತಾಂತ್ರಿಕ ಕಚೇರಿ, ಅಂದರೆ ಕಾನ್ಸುಲೇಟ್, ದಕ್ಷಿಣ ಮುಂಬೈಯ ಬ್ರೀಚ್ ಕ್ಯಾಂಡಿಯಲ್ಲಿತ್ತು. ಇಂಥ ಕಟ್ಟಡಕ್ಕೆ ಜಾಗ ಹುಡುಕುವಾಗ ಎಂಜಿನಿಯರ್ ಮೊದಲು ಕೇಳುವುದು ಸ್ಟ್ಯಾಂಡ್‌ಆಫ್ ಎಷ್ಟು ಎಂದು. ಸ್ಫೋಟಕ ತುಂಬಿದ ವಾಹನ ಬಂದು ನಿಲ್ಲಬಹುದಾದ ಅತಿ ಹತ್ತಿರದ ಜಾಗಕ್ಕೂ ಕಟ್ಟಡದ ಹೊರಮೈಗೂ ನಡುವಿನ ದೂರ ಅದು. 1998ರ ಆಗಸ್ಟ್ 7ರಂದು ನೈರೋಬಿ, ದಾರ್ ಎಸ್ ಸಲಾಂಗಳ ಅಮೆರಿಕದ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿಯಾಯಿತು. ಮರುವರ್ಷವೇ ಅಮೆರಿಕ ತನ್ನ ಹೊಸ ಕಚೇರಿಗಳಿಗೆ 100 ಅಡಿ, ಅಂದರೆ ಸುಮಾರು 30 ಮೀಟರ್ ಅಂತರವನ್ನು ಕಾನೂನಿನಲ್ಲಿ ಬರೆಯಿತು.

ಅಳತೆಯಲ್ಲೇ ತಪ್ಪುವವರು ಬಹಳ. ಪ್ಲಾಟಿನ ಗಡಿಯಿಂದ ಅಳೆಯಬಾರದು. ಲಾರಿಯನ್ನು ನಿಜಕ್ಕೂ ತಡೆದು ನಿಲ್ಲಿಸುವ ಬೊಲಾರ್ಡ್ (ನೆಲದಲ್ಲಿ ಗಟ್ಟಿಯಾಗಿ ಹೂತ ಗಿಡ್ಡ ಕಂಬ) ಅಥವಾ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಗೋಡೆಯಿಂದ ಅಳೆಯಬೇಕು. ಇಟ್ಟಿಗೆಯ ಕಾಂಪೌಂಡ್ ಲೆಕ್ಕಕ್ಕೇ ಇಲ್ಲ. ಆಮೇಲೆ ಯಾರೋ ಆ ಖಾಲಿ ಜಾಗದಲ್ಲಿ ಪಾರ್ಕಿಂಗ್ ಮಾಡಿಸಿದರೆ ಅಂತರ ಅಲ್ಲಿಗೇ ಮುಗಿಯಿತು.

ಸ್ಫೋಟದ ಹೊಡೆತ ಎಷ್ಟೆಂದು ಅಂದಾಜಿಸುವ ಲೆಕ್ಕ ಹೀಗಿದೆ. ಮೀಟರಿನಲ್ಲಿರುವ ದೂರವನ್ನು ಸ್ಫೋಟಕದ ಟಿಎನ್‌ಟಿ ಸಮಾನ ತೂಕದ (ಅಷ್ಟೇ ಶಕ್ತಿಯ ಟಿಎನ್‌ಟಿ ಎಂಬ ಸ್ಫೋಟಕದ ತೂಕ, ಕಿಲೋದಲ್ಲಿ) ಘನಮೂಲದಿಂದ ಭಾಗಿಸಿದರೆ ಬರುವುದು ಸ್ಕೇಲ್ಡ್ ದೂರ. 100 ಕಿಲೋಗೆ ಘನಮೂಲ 4.64. ಹಾಗಾಗಿ 30 ಮೀಟರಿನಲ್ಲಿ ಉತ್ತರ ಸುಮಾರು 6.5, 10 ಮೀಟರಿನಲ್ಲಿ ಬರೀ 2.2. ಈ ಸಂಖ್ಯೆ ಇಳಿದಂತೆ ಕಟ್ಟಡದ ಮೇಲೆ ಬೀಳುವ ಸ್ಫೋಟದ ಒತ್ತಡ ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಸ್ಫೋಟಕ ಎಂಟು ಪಟ್ಟಾದರೂ ಅದೇ ಒತ್ತಡಕ್ಕೆ ದೂರ ಎರಡು ಪಟ್ಟಾದರೆ ಸಾಕು. ಅಂತರದಷ್ಟು ಲಾಭ ಕೊಡುವ ರಕ್ಷಣೆ ಬೇರೊಂದಿಲ್ಲ.

ದಕ್ಷಿಣ ಮುಂಬೈಯ ಇಕ್ಕಟ್ಟಿನಲ್ಲಿ 30 ಮೀಟರ್ ಸಿಗುವುದು ಕಷ್ಟ. ಆ ಕೊರತೆಯನ್ನು ರಚನೆಯೇ ತುಂಬಬೇಕು. ಸ್ಫೋಟದ ಅಲೆ ಕಿಟಕಿ ಒಡೆದು ಒಳನುಗ್ಗಿದಾಗ ಸ್ಲ್ಯಾಬನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಸಾಮಾನ್ಯ ಸ್ಲ್ಯಾಬಿನ ನಡುಭಾಗದಲ್ಲಿ ಕಂಬಿ ಇರುವುದು ಕೆಳಗಡೆ ಮಾತ್ರ; ಎತ್ತಿದರೆ ಬಿರಿಯುತ್ತದೆ. ಅದಕ್ಕೇ ಮೇಲಿನ ಕಂಬಿಯನ್ನೂ ಉದ್ದಕ್ಕೂ ಬಿಡದೆ ಹಾಯಿಸಬೇಕು. ಪಿಲ್ಲರುಗಳ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಒತ್ತೊತ್ತಾಗಿರಲಿ, ರಿಂಗಿನ ತುದಿಯ ಕೊಕ್ಕೆ 135 ಡಿಗ್ರಿಗೆ ಬಾಗಿರಲಿ. 90 ಡಿಗ್ರಿಯ ಕೊಕ್ಕೆ ಕಾಂಕ್ರೀಟಿನ ಹೊರಕವಚ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಅಮೆರಿಕದ ಒಕ್ಲಹಾಮಾ ಸಿಟಿಯ ಫೆಡರಲ್ ಕಟ್ಟಡದಲ್ಲಿ ಲಾರಿ ಬಾಂಬಿಗೆ ಕೆಳಗಿನ ಕೆಲವೇ ಪಿಲ್ಲರುಗಳು ಹೋದವು. ಮೇಲಿನ ಪಿಲ್ಲರುಗಳ ಭಾರ ಹೊತ್ತಿದ್ದ ಟ್ರಾನ್ಸ್‌ಫರ್ ಗರ್ಡರ್ ಎಂಬ ದೊಡ್ಡ ತೊಲೆ ಕುಸಿದು ಕಟ್ಟಡದ ದೊಡ್ಡ ಭಾಗವೇ ನೆಲಕ್ಕಿಳಿಯಿತು. ಒಂದು ಪಿಲ್ಲರ್ ಇಲ್ಲವೆಂದುಕೊಂಡು ಕಟ್ಟಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದನ್ನು ಯಾವತ್ತೂ ಬಿಡಬಾರದು.

ಗಾಜು ಪಿವಿಬಿ ಪದರದ ಲ್ಯಾಮಿನೇಟೆಡ್ ಆಗಿರಬೇಕು, ಅಂದರೆ ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರವಿರಬೇಕು. ಅದನ್ನು ಚೌಕಟ್ಟಿನೊಳಗೆ ಆಳಕ್ಕೆ ಕೂರಿಸಿ ಸ್ಟ್ರಕ್ಚರಲ್ ಸಿಲಿಕೋನ್ ಎಂಬ ಗಟ್ಟಿ ಅಂಟಿನಿಂದ ಅಂಟಿಸಬೇಕು, ಚೌಕಟ್ಟನ್ನು ಕಾಂಕ್ರೀಟಿಗೆ ಆಂಕರ್ ಬೋಲ್ಟಿನಿಂದ ಬಿಗಿಯಬೇಕು. ಚೌಕಟ್ಟು ದುರ್ಬಲವಾಗಿದ್ದರೆ ಒಡೆಯದ ಗಾಜು ಇಡಿಯಾಗಿಯೇ ಕೋಣೆಯೊಳಗೆ ಹಾರಿ ಬೀಳುತ್ತದೆ.