ರೋಬೋಟ್ ಸರ್ಜರಿಯೋ ಓಪನ್ ಸರ್ಜರಿಯೋ: ಮೊದಲು ಶ್ವಾಸಕೋಶ ನೋಡಿ

ಮಂಗಳೂರಿನಲ್ಲಿ ನಮ್ಮ ಫಿಸಿಯೋಥೆರಪಿ ಪೋಸ್ಟಿಂಗ್ ಶುರುವಾದ ವಾರವೇ ಬೆಳ್ತಂಗಡಿ ಕಡೆಯ ಅಜ್ಜರೊಬ್ಬರು ಸಿಕ್ಕರು. ಅನ್ನನಾಳದ ಕ್ಯಾನ್ಸರ್, ಓಪನ್ ಸರ್ಜರಿ ಆಗಿ ಎರಡು ದಿನ. ಮೊದಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತಿತ್ತಂತೆ. ಆಮೇಲೆ ಕುಚ್ಚಲಕ್ಕಿ ಗಂಜಿಯೂ ಇಳಿಯದಾಯಿತು. ಉಸಿರು ಎಳೆದು ಚೆಂಡು ಎಬ್ಬಿಸುವ ಸ್ಪೈರೋಮೀಟರ್ ಕೈಗೆ ಕೊಟ್ಟೆ. ಮೂರು ಚೆಂಡುಗಳಲ್ಲಿ ಮೊದಲನೆಯದು ಅರ್ಧ ಎದ್ದು ಬಿದ್ದುಬಿಟ್ಟಿತು. "ಉಸಿರು ಎಳೆದ್ರೆ ಪಕ್ಕೆ ಹರಿದ ಹಾಗೆ ಆಗ್ತದೆ ಮಗಾ" ಅಂದರು. ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾದದ್ದು ಆಗ.

ಓಪನ್, ರೋಬೋಟ್ ಎರಡರಲ್ಲೂ ಒಳಗಿನ ಕೆಲಸ ಒಂದೇ. ಗಡ್ಡೆಯಿರುವ ಅನ್ನನಾಳವನ್ನು ಸುತ್ತಲಿನ, ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳಾದ ಲಿಂಫ್ ನೋಡ್‌ಗಳ ಸಮೇತ ತೆಗೆಯುತ್ತಾರೆ. ಜಠರವನ್ನು ಕೊಳವೆಯಂತೆ ಮಾಡಿ ಮೇಲಕ್ಕೆಳೆದು, ಎದೆಯಲ್ಲೋ ಕುತ್ತಿಗೆಯಲ್ಲೋ ಉಳಿದ ಅನ್ನನಾಳಕ್ಕೆ ಜೋಡಿಸುತ್ತಾರೆ. ಬೇರೆಯಾಗುವುದು ಒಳಗೆ ಹೋಗುವ ದಾರಿ. ಓಪನ್‌ನಲ್ಲಿ ಎದೆಯ ಬಲಭಾಗ ಕೊಯ್ದು ಪಕ್ಕೆಲುಬುಗಳನ್ನು ಅಗಲಿಸಬೇಕು. ರೋಬೋಟ್‌ನಲ್ಲಿ ಅಲ್ಲಿ ಸಣ್ಣ ತೂತುಗಳು. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಕನ್ಸೋಲ್‌ನಲ್ಲಿ ಕೂತು, ದೊಡ್ಡದಾಗಿ ಕಾಣುವ 3ಡಿ ಚಿತ್ರ ನೋಡುತ್ತಾ, ಮಣಿಕಟ್ಟಿನಂತೆ ತಿರುಗುವ ಉಪಕರಣಗಳನ್ನು ನಡೆಸುತ್ತಾರೆ.

ಪಕ್ಕೆಲುಬು ಅಗಲಿಸಿದರೆ ನೋವು ಜಾಸ್ತಿ. ನೋವಿದ್ದವರು ಆಳವಾಗಿ ಉಸಿರು ಎಳೆಯುವುದಿಲ್ಲ, ಕೆಮ್ಮುವುದೇ ಇಲ್ಲ. ಕಫ ಒಳಗೇ ನಿಲ್ಲುತ್ತದೆ, ಶ್ವಾಸಕೋಶದ ಕೆಳಭಾಗ ಮುದುಡುತ್ತದೆ, ನ್ಯುಮೋನಿಯಾ ಹಿಡಿಯುತ್ತದೆ. ಸಾಮಾನ್ಯ ಗಾಯಕ್ಕಿಂತ ನಾವು ಹೆದರಬೇಕಾದ್ದು ಇದಕ್ಕೆ.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 112 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ 'ರೋಬೋಟ್' ಹೆಸರಿನ ಟ್ರಯಲ್ (ಓಪನ್, ರೋಬೋಟ್ ಎರಡನ್ನೂ ಹೋಲಿಸಿದ ಅಧ್ಯಯನ) 2019ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ತೊಂದರೆ ಓಪನ್ ಗುಂಪಿನಲ್ಲಿ ಶೇ 58, ರೋಬೋಟ್ ಗುಂಪಿನಲ್ಲಿ ಶೇ 32. ಹೃದಯದ ತೊಂದರೆ ಶೇ 47 ಮತ್ತು ಶೇ 22. ನೋವೂ ಕಡಿಮೆ. ಆದರೆ ಜೋಡಣೆ ಸೋರುವುದು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಮರಳುವುದರಲ್ಲಿ, ಬದುಕುಳಿಯುವುದರಲ್ಲಿ ಎರಡೂ ಗುಂಪು ಹತ್ತಿರ ಹತ್ತಿರ ಒಂದೇ. ಹಾಗಾಗಿ "ರೋಬೋಟ್ ಮಾಡಿಸಿದರೆ ಕ್ಯಾನ್ಸರ್ ಚೆನ್ನಾಗಿ ಹೋಗುತ್ತದಾ?" ಎಂದು ಮನೆಯವರು ಕೇಳಿದರೆ ಹೌದು ಅನ್ನಬೇಡಿ. ಚೇತರಿಕೆಯ ದಾರಿ ಸುಲಭವಾಗುತ್ತದೆ, ಅಷ್ಟೇ ಹೇಳಿ.

ಇನ್ನೊಂದು ವಿಷಯ ಇಲ್ಲಿ ತಪ್ಪಿಹೋಗುತ್ತದೆ. ಈ ಲಾಭ ರೋಬೋಟ್‌ನದ್ದೋ, ಸಣ್ಣ ತೂತಿನದ್ದೋ? 2012ರ 'ಟೈಮ್' ಟ್ರಯಲ್‌ನಲ್ಲಿ ರೋಬೋಟ್ ಇರಲೇ ಇಲ್ಲ, ಸರ್ಜನ್ ಕೈಯಲ್ಲೇ ಸಣ್ಣ ತೂತುಗಳ ಮೂಲಕ ಮಾಡುವ ಸಾಮಾನ್ಯ ಕೀಹೋಲ್ ಸರ್ಜರಿ. ಅಲ್ಲೂ ಓಪನ್ ಗುಂಪಿಗೆ ಹೋಲಿಸಿದರೆ ಮೊದಲ ಎರಡು ವಾರದ ಶ್ವಾಸಕೋಶದ ಸೋಂಕು ಶೇ 29ರಿಂದ ಶೇ 9ಕ್ಕೆ ಇಳಿದಿತ್ತು. ನನ್ನ ಮಟ್ಟಿಗೆ ದೊಡ್ಡ ಪಾಲು ಪಕ್ಕೆಲುಬು ಅಗಲಿಸದೆ ಇದ್ದದ್ದಕ್ಕೇ ಸಲ್ಲಬೇಕು. ಊರಲ್ಲಿ ರೋಬೋಟ್ ಖರ್ಚಿಗೆ ಅಡಿಕೆ ತೋಟ ಅಡವಿಡಲು ಹೊರಟವರಿಗೆ ಈ ಮಾತು ಗೊತ್ತಿರಬೇಕು, ಅಲ್ವಾ?

ಅಜ್ಜರಿಗೆ ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ಹೇಳಿಕೊಟ್ಟೆ. ಸರ್ಜರಿ ಯಾವುದೇ ಇರಲಿ, ಇದು ಬೇಕೇ ಬೇಕು. ಕಫ ತೆಗೆಯಲು ತಲೆ ತಗ್ಗಿಸಿ ಮಲಗಿಸುವ ಭಂಗಿ ಮಾತ್ರ ಇವರಿಗೆ ಬೇಡ. ಜಠರ ಈಗ ಎದೆಯೊಳಗಿದೆ. ತಡೆಯುವ ಕವಾಟವೂ ಉಳಿದಿಲ್ಲ. ಒಳಗಿದ್ದದ್ದು ನೇರ ಶ್ವಾಸನಾಳಕ್ಕೆ ಇಳಿದುಬಿಡಬಹುದು.