ಬಿಲ ಕಂಡರೆ ಬಿಡದ ನಾಯಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿದರು. ಅವರ ಜ್ಯಾಕ್ ರಸೆಲ್ ಟೆರಿಯರ್ ನಾಲ್ಕು ದಿನದಿಂದ ಸೀನುತ್ತಿತ್ತು, ಎಡ ಹೊಳ್ಳೆಯಿಂದ ಮಾತ್ರ ರಕ್ತ ಬರುತ್ತಿತ್ತು. "ಡಾಕ್ಟ್ರೇ, ಹಾವು ಗೀವು ಎಂತಾದ್ರೂ ಕಚ್ಚಿರ್ಬಹುದಾ?" ಅಂತ ಗಾಬರಿ. ನಾನು ಕೇಳಿದ್ದು ಒಂದೇ, ಹಳ್ಳದ ನೀರು ಕುಡಿಯುತ್ತಾ ಅಂತ. ದಿನಾ ಕುಡಿಯುತ್ತದೆ ಅಂದರು. ಹಾಗಾದರೆ ನೀರು ಕೊಡದೆ ಈಗಲೇ ಕರೆದುಕೊಂಡು ಬನ್ನಿ ಅಂದೆ.

ಬಟ್ಟಲಲ್ಲಿ ತಣ್ಣೀರು ಇಟ್ಟು ನಾಯಿಯ ಮೂತಿಯನ್ನು ಅದರ ಹತ್ತಿರ ಹಿಡಿದು ಕಾದೆವು. ಒಂದೆರಡು ನಿಮಿಷಕ್ಕೆ ಹೊಳ್ಳೆಯಿಂದ ಕಪ್ಪನೆಯ ತುದಿಯೊಂದು ಇಣುಕಿತು. ಅತ್ತ ಇತ್ತ ಆಡಿ ಸರ್ರನೆ ಒಳಗೆ ಹೋಯಿತು. ಎರಡು ಸಲ ಹಾಗೇ ಆಟ ಆಡಿಸಿ, ಮೂರನೇ ಸಲ ಚಿಮಟಕ್ಕೆ ಸಿಕ್ಕಿತು. ಕಿರುಬೆರಳುದ್ದದ ಜಿಗಣೆ! ನಾಯಿ ಒಮ್ಮೆ ಮೈ ಕೊಡವಿ, ಬಟ್ಟಲಿನ ನೀರನ್ನೆಲ್ಲ ಕುಡಿದು, ನನ್ನ ಮೇಜಿನ ಕೆಳಗೆ ಮೂಲೆ ಕೆರೆಯಲು ಶುರು ಮಾಡಿತು.

"ಇದೇ ನೋಡಿ ಇದ್ರ ಬುದ್ಧಿ. ವಾಕಿಂಗ್ ಹೋದ್ರೆ ನಡೆಯೋದೇ ಇಲ್ಲ, ಧರೆಯಲ್ಲಿ ತೂತು ಕಂಡ್ರೆ ತಲೆ ಹಾಕ್ತದೆ. ಕರೆದ್ರೆ ಕಿವಿಯೇ ಕೇಳ್ಸಲ್ಲ," ಅಂದರು. ಟೆರಿಯರ್ ಸಾಕಿದ ಎಲ್ಲರ ದೂರೂ ಇದೇ.

ಟೆರಿಯರ್ ಅನ್ನುವ ಹೆಸರೇ ಲ್ಯಾಟಿನ್‌ನ ಟೆರ್ರಾ, ಅಂದರೆ ಮಣ್ಣು, ಅನ್ನುವುದರಿಂದ ಬಂದದ್ದು. ಇಂಗ್ಲೆಂಡಿನ ಡೆವನ್ ಕಡೆಯ ಪಾದ್ರಿ ಜಾನ್ ರಸೆಲ್‌ಗೆ ನರಿ ಬೇಟೆಯ ಹುಚ್ಚು. 1819ರ ಸುಮಾರಿಗೆ ಆತ ಹಾಲು ಮಾರುವವನೊಬ್ಬನಿಂದ ಕೊಂಡ ಬಿಳಿ ಹೆಣ್ಣುನಾಯಿಯಿಂದ ಈ ತಳಿ ಶುರುವಾಯಿತು ಅಂತ ಹೇಳುತ್ತಾರೆ. ಮೈ ಬಿಳಿ ಇರಬೇಕು, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಬೇಟೆ ನಾಯಿಗಳು ಇದನ್ನೇ ನರಿ ಅಂದುಕೊಳ್ಳುತ್ತವೆ. ಬಿಲದೊಳಗೆ ನುಗ್ಗುವುದು, ನರಿಯ ಎದುರು ನಿಂತು ಬೊಗಳುವುದು, ಹಿಂದೆ ಸರಿಯದಿರುವುದು ಇದರ ಕೆಲಸ. ಮಣ್ಣಿನ ಕೆಳಗೆ ಯಜಮಾನನ ಮಾತು ಕೇಳಿಸುವುದಿಲ್ಲ, ತಾನೇ ತೀರ್ಮಾನ ಮಾಡಬೇಕು. ಇನ್ನೂರು ವರ್ಷ ಹಾಗೆ ಆರಿಸಿ ಆರಿಸಿ ಸಾಕಿದ ನಾಯಿ ಈಗ ನಮ್ಮ ಧರೆಯ ಬಿಲದ ಮುಂದೆ ಕಿವಿ ಕೇಳಿಸದ ಹಾಗೆ ನಿಂತರೆ ತಪ್ಪು ಯಾರದ್ದು? ಅದು ಹಟ ಅಲ್ಲ, ಕಸುಬು.

ತೊಂದರೆ ಏನಂದರೆ ಅಲ್ಲಿ ಬಿಲದೊಳಗೆ ಇದ್ದದ್ದು ನರಿ. ಇಲ್ಲಿ ಯಾವ ಬಿಲದಲ್ಲಿ ಯಾರಿದ್ದಾರೆ ಅಂತ ಹೇಳಲು ಆಗುವುದಿಲ್ಲ. ಹೆಗ್ಗಣ ಇರಬಹುದು. ಮುಳ್ಳುಹಂದಿ ಇದ್ದರೆ ಮೂತಿ ತುಂಬ ಮುಳ್ಳು. ಅದನ್ನು ಮನೆಯಲ್ಲಿ ಕಿತ್ತರೆ ಮುರಿದು ಒಳಗೇ ಉಳಿಯುತ್ತದೆ, ಅರಿವಳಿಕೆ ಕೊಟ್ಟೇ ತೆಗೆಯಬೇಕು. ಇನ್ನು ಕೊಳಕುಮಂಡಲ. ಇಂಗ್ಲಿಷಿನಲ್ಲಿ ಅದಕ್ಕೂ ರಸೆಲ್ ಅನ್ನುವ ಹೆಸರೇ! ಪಾದ್ರಿಯದ್ದಲ್ಲ, 18ನೇ ಶತಮಾನದಲ್ಲಿ ನಮ್ಮ ದೇಶದ ಹಾವುಗಳ ಬಗ್ಗೆ ಬರೆದ ಪ್ಯಾಟ್ರಿಕ್ ರಸೆಲ್ ಅನ್ನುವ ವೈದ್ಯನದ್ದು. ಒಬ್ಬ ರಸೆಲ್ ಇನ್ನೊಬ್ಬ ರಸೆಲ್‌ನನ್ನು ದರಗಿನ, ಅಂದರೆ ಒಣ ಎಲೆಯ, ರಾಶಿಯಲ್ಲಿ ಭೇಟಿಯಾದರೆ ಗೆಲ್ಲುವುದು ಸಾಮಾನ್ಯವಾಗಿ ಕಾಲಿಲ್ಲದ್ದೇ.

ಟೆರಿಯರ್ ಎದುರಿನಿಂದಲೇ ನುಗ್ಗುವುದರಿಂದ ಕಡಿತ ಹೆಚ್ಚಾಗಿ ಮೂತಿಗೆ, ಮುಂಗಾಲಿಗೆ. ನೋಡನೋಡುತ್ತ ಮುಖ ಊದಿಕೊಳ್ಳುತ್ತದೆ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಲೂ ಬೇಡಿ. ಎತ್ತಿಕೊಂಡು ಬನ್ನಿ. ಹೊರಡುವ ಮೊದಲು ಒಂದು ಫೋನ್ ಮಾಡಿ, ವಿಷಕ್ಕೆ ಕೊಡುವ ಇಂಜೆಕ್ಷನ್ ಎಲ್ಲ ಕಡೆ ಇರುವುದಿಲ್ಲ. ನಾವು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಡುತ್ತೇವೆ. ನಳಿಗೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ್ದೇ ಕೆಲಸ ಅಂತ ಅನುಮಾನ ಗಟ್ಟಿಯಾಗುತ್ತದೆ. ಆ 20 ನಿಮಿಷ ಯಜಮಾನರ ಮುಖ ನೋಡುವುದು ಕಷ್ಟ.

ಹಾವಿನ ಹೆದರಿಕೆ ಎಲ್ಲರಿಗೂ ಇದೆ. ಇಲಿಯ ಹೆದರಿಕೆ ಯಾರಿಗೂ ಇಲ್ಲ. ಟೆರಿಯರ್ ಇಲಿ ಹಿಡಿದರೆ ನಾವು ಶಹಬ್ಬಾಸ್ ಅನ್ನುತ್ತೇವೆ. ಆದರೆ ಇಲಿಯ ಮೂತ್ರದಿಂದ ಲೆಪ್ಟೋ, ಅಂದರೆ ಇಲಿ ಜ್ವರ, ಬರುತ್ತದೆ. ಗದ್ದೆ ಬದುವಿನ ನಿಂತ ನೀರಿನಿಂದಲೂ ಬರುತ್ತದೆ. ವಾಂತಿ, ಹಳದಿ ಕಣ್ಣು, ಮೂತ್ರದ ಬಣ್ಣ ಗಾಢವಾಗುವುದು ಅಥವಾ ಮೂತ್ರವೇ ಕಡಿಮೆಯಾಗುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ನಾಯಿಯಿಂದ ಮನುಷ್ಯರಿಗೂ ಹರಡುತ್ತದೆ, ಅದರ ಮೂತ್ರ ತೊಳೆಯುವಾಗ ಕೈಗವಸು ಇರಲಿ. ವರ್ಷದ ಲಸಿಕೆ ಹಾಕಿಸುವಾಗ ಲೆಪ್ಟೋ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ, ಮಳೆ ಹಿಡಿಯುವ ಮೊದಲೇ ಹಾಕಿಸಿ. ಇಲಿ ಪಾಷಾಣ ಇಟ್ಟ ತೋಟದಲ್ಲಂತೂ ಹಗ್ಗ ಬಿಚ್ಚಲೇಬೇಡಿ. ತಿಂದುಬಿಟ್ಟರೆ ಹಾಲು, ಮೊಟ್ಟೆ ಅಂತ ಏನೂ ಕುಡಿಸದೆ, ಪಾಷಾಣದ ಪ್ಯಾಕೆಟ್ ಸಮೇತ ಬನ್ನಿ. ಒಂದೊಂದು ಪಾಷಾಣಕ್ಕೆ ಒಂದೊಂದು ಚಿಕಿತ್ಸೆ.

ಮಳೆ ನಿಂತ ಮೇಲೆ ಇಂಬಳದ, ಅಂದರೆ ಜಿಗಣೆಯ, ಕಾಟ ಮುಗಿದು ಉಣುಗಿನದ್ದು ಶುರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಪತ್ತೆಯಾಯಿತು, ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ದರಗಿನಲ್ಲಿ ಹೊರಳಿದ ನಾಯಿ ಕಾಡಿನ ಉಣುಗನ್ನು ಮನೆ ಜಗಲಿಗೇ ತಂದು ಬಿಡಬಹುದು. ಮಂಗ ಸತ್ತ ಸುದ್ದಿ ಬಂದ ಕಡೆ ವಾಕಿಂಗ್ ಬೇಡವೇ ಬೇಡ. ಬೇರೆ ದಿನಗಳಲ್ಲೂ ಒಳಗೆ ಬಿಡುವ ಮೊದಲು ಅಂಗಳದಲ್ಲೇ ಹತ್ತು ನಿಮಿಷ ಕೂತು ಹುಡುಕಿ. ಕಿವಿ ಒಳಗೆ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡ. ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಉಗುರಲ್ಲಿ ಚಟಕ್ಕನೆ ಒಡೆಯುವುದು ಎರಡೂ ಕೆಟ್ಟ ಅಭ್ಯಾಸ. ಉಣುಗು ಹತ್ತದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಇದೆ, ಮೂರು ತಿಂಗಳಿಗೊಮ್ಮೆಯದೂ ಇದೆ. ದುಬಾರಿ ಅಂತ ಗೊಣಗುವವರಿಗೆ ಉಣುಗು ಜ್ವರದ ರಕ್ತ ಪರೀಕ್ಷೆಯ ಬಿಲ್ಲು ತೋರಿಸುತ್ತೇನೆ.

ಹಾಗಂತ ಮನೆಯಲ್ಲೇ ಕಟ್ಟಿ ಹಾಕಬೇಡಿ. ಕಟ್ಟಿ ಹಾಕಿದ ಟೆರಿಯರ್ ಸೋಫಾ ಅಗೆಯುತ್ತದೆ. ಶಿವಮೊಗ್ಗದಲ್ಲಿ ನಾಲೆ ಏರಿಯ ಮೇಲೆ ಕೆಲವರು ನಾಯಿಯನ್ನು ದರದರ ಎಳೆದುಕೊಂಡು ಮೂರು ಕಿಲೋಮೀಟರ್ ಮುಗಿಸುತ್ತಾರೆ. ಅದು ಯಜಮಾನರ ಶುಗರ್‌ಗೆ ಒಳ್ಳೆಯದು, ನಾಯಿಗಲ್ಲ. ಐದು ಮೀಟರ್ ಹಗ್ಗ ಕಟ್ಟಿ, ಒಂದೇ ಕಿಲೋಮೀಟರ್ ಹೋಗಿ, ಮೂಸಲು ಬಿಡಿ. ಬೇಲಿ ಬುಡದಲ್ಲಿ ಎರಡು ನಿಮಿಷ ನಿಂತರೆ ನಿಲ್ಲಲಿ. ರಾತ್ರಿ ಅಲ್ಲಿ ಯಾರು ಹೋದರು ಅಂತ ಅದು ಪೇಪರ್ ಓದುತ್ತಿದೆ ಅಷ್ಟೇ. ಬಿಲದ ಬಾಯಿಗೆ ಬಂದಾಗ ಮಾತ್ರ ಹಗ್ಗ ಗಿಡ್ಡ ಮಾಡಿ. ಕತ್ತಲಾಗುವ ಮೊದಲು ಮನೆ ಸೇರಿ, ಚಿರತೆಗೆ ಆರು ಕೆ.ಜಿ. ನಾಯಿ ಒಂದು ತುತ್ತು.

ತೋಟದವರಿಗೆ ನಾನು ಹೇಳಿದ್ದು ಇನ್ನೊಂದು ಉಪಾಯ. ಅಗೆಯುವ ಚಪಲಕ್ಕೆ ಮನೆ ಹಿಂದೆಯೇ ಜಾಗ ಕೊಡಿ, ಹಳೆಯ ಅಡಿಕೆ ಸಿಪ್ಪೆ ರಾಶಿಯಲ್ಲಿ ದಿನಾ ಚೆಂಡೋ ಬಿಸ್ಕತ್ತೋ ಹುಗಿದಿಡಿ ಅಂದೆ. ಮೊನ್ನೆ ಫೋನ್ ಮಾಡಿದ್ದರು. ಎರಡು ವರ್ಷದ ಹಿಂದೆ ಕಳೆದಿದ್ದ ಅವರ ಮನೆಯವರ ಹವಾಯಿ ಚಪ್ಪಲಿ ರಾಶಿಯಿಂದ ಹೊರಗೆ ಬಂದಿದೆಯಂತೆ. "ಒಂದು ಕಾಲಿಂದು ಮಾತ್ರ ಡಾಕ್ಟ್ರೇ. ಇನ್ನೊಂದು ಹುಡುಕ್ತಾ ಇದೆ."