ಬಿಲದ ಕಿವಿ, ಆಲೆಮನೆಯ ಕಿವಿ

ನವಜಾತ ಶಿಶುವಿನ ಕಿವಿ ಪರೀಕ್ಷಿಸಲು ಮಗು ನಿದ್ದೆಯಲ್ಲಿದ್ದರೆ ಸಾಕು. ರಬ್ಬರ್ ತುದಿಯ ಸಣ್ಣ ನಳಿಕೆಯನ್ನು ಕಿವಿಗಿಟ್ಟು ಎರಡು ಸ್ವರಗಳನ್ನು ಕಳಿಸುತ್ತೇವೆ. ಒಳಕಿವಿ ಚೆನ್ನಾಗಿದ್ದರೆ ಮೂರನೆಯದೊಂದು ಕ್ಷೀಣ ಸ್ವರವನ್ನು ತಾನೇ ಹುಟ್ಟಿಸಿ ಹೊರಗೆ ಕಳಿಸುತ್ತದೆ. ಪೂರ್ವ ಆಫ್ರಿಕಾದ ನೆಲದಡಿಯಲ್ಲಿ ಬದುಕುವ ಬೋಳು ಬಿಲದಿಲಿಗೆ (ನೇಕೆಡ್ ಮೋಲ್ ರ‍್ಯಾಟ್) ಇದೇ ಪರೀಕ್ಷೆ ಮಾಡಿದಾಗ ಆ ಮೂರನೆಯ ಸ್ವರ ಬರಲಿಲ್ಲ ಎಂದು 2020ರಲ್ಲಿ ಸಂಶೋಧಕರು ವರದಿ ಮಾಡಿದರು. ಮೈಸೂರಿನ ನಮ್ಮ ಶ್ರವಣ ತಪಾಸಣೆಯ ಮೇಜಿಗೆ ಮಗುವಿನ ಅಂಥ ಫಲಿತಾಂಶ ಬಂದರೆ ಮುಂದಿನ ತಪಾಸಣೆಗೆ ಚೀಟಿ ಬರೆಯುತ್ತೇವೆ. ಆ ಇಲಿಗೆ ಮಾತ್ರ ಅದೇ ಆರೋಗ್ಯ.

ಕಾರಣ ಒಳಕಿವಿಯ ಸುರುಳಿಯಲ್ಲಿದೆ. ಅಲ್ಲಿ ಸದ್ದಿನ ಕಂಪನವನ್ನು ಹಿಡಿಯುವ, ತುದಿಯಲ್ಲಿ ಕೂದಲಿನಂಥ ಎಳೆಗಳ ಗುಚ್ಛವಿರುವ ರೋಮಕೋಶಗಳಿವೆ: ಒಳಸಾಲಿನವು ಒಂದು ಸಾಲು, ಹೊರಸಾಲಿನವು ಮೂರು. ಸಂಖ್ಯೆಯಲ್ಲಿ ಹೊರಗಿನವು ಹೆಚ್ಚಾದರೂ ಮಿದುಳಿಗೆ ಸುದ್ದಿ ಒಯ್ಯುವ ನರತಂತುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೊರಡುವುದು ಒಳಸಾಲಿನಿಂದ. ಒಂದು ತಂತು ಸಾಮಾನ್ಯವಾಗಿ ಒಂದೇ ಕೋಶಕ್ಕೆ ಕಿವಿಗೊಡುತ್ತದೆ. ಒಂದು ಕೋಶಕ್ಕೆ ಹತ್ತಾರು ತಂತುಗಳು. ಹಾಗಾದರೆ ಹೊರಸಾಲಿನವರ ಕೆಲಸವೇನು? ಉಯ್ಯಾಲೆ ಹಿಂದೆ ಬಂದ ಗಳಿಗೆಗೆ ಸರಿಯಾಗಿ ತಳ್ಳಿದಂತೆ, ಅವು ತಾವೇ ಕುಗ್ಗಿ ಹಿಗ್ಗಿ ಮೆಲುಸದ್ದಿನ ಕಂಪನವನ್ನು ಹಿಗ್ಗಿಸುತ್ತವೆ. ನಮ್ಮ ಯಂತ್ರ ಹಿಡಿಯುವುದು ಆ ತಳ್ಳಾಟದ ಸದ್ದನ್ನೇ. ಬೋಳು ಬಿಲದಿಲಿಯಲ್ಲಿ ಈ ಕೋಶಗಳ ರೋಮಗುಚ್ಛಗಳೇ ಅಸ್ತವ್ಯಸ್ತ. ಅವನ್ನು ಕಟ್ಟುವ ಪ್ರೋಟೀನುಗಳಲ್ಲೂ ಮಾರ್ಪಾಡುಗಳಿವೆ.

ಸ್ವರದ ಏರಿಳಿತವನ್ನು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕದಲ್ಲಿ ಅಳೆಯುತ್ತೇವೆ. ಬೋಳು ಬಿಲದಿಲಿ ಕೇಳುವುದು ಸುಮಾರು 65 ಹರ್ಟ್ಸ್‌ನಿಂದ 12,800 ಹರ್ಟ್ಸ್‌ವರೆಗೆ, ಅದೂ ಸದ್ದು ಜೋರಾಗಿದ್ದರೆ. ಮನೆ ಇಲಿಯ ಕಿವಿ 80,000 ಹರ್ಟ್ಸ್ ಆಸುಪಾಸಿಗೂ ಏರುತ್ತದೆ. ಆದರೆ ಸುರಂಗದಲ್ಲಿ ಕೀರಲು ಸದ್ದು ಮೊದಲ ತಿರುವಿನಲ್ಲೇ ಸಾಯುತ್ತದೆ, ಕೆಲವು ನೂರು ಹರ್ಟ್ಸ್‌ನ ಸದ್ದು ಮಾತ್ರ ದೂರ ಸಾಗುತ್ತದೆ. ಜಾಂಬಿಯಾದ ಒಂದು ಬಿಲದಿಲಿಯಲ್ಲಂತೂ ಸುರುಳಿಯ ದೊಡ್ಡ ಪಾಲು 1,000 ಹರ್ಟ್ಸ್‌ನ ಆಸುಪಾಸಿನ ಕಿರಿದಾದ ಪಟ್ಟಿಗೇ ಮೀಸಲು. ಇದನ್ನು ಅರೆಕಿವುಡು ಎನ್ನಲು ನನಗೆ ಮನಸ್ಸಿಲ್ಲ. ಬೋಳು ಬಿಲದಿಲಿಗಳು ಚಿಲಿಪಿಲಿಗುಟ್ಟಿ ತಮ್ಮ ಗುಂಪಿನವರನ್ನು ಗುರುತಿಸುತ್ತವೆ. ಗುಂಪು ಗುಂಪಿಗೂ ದನಿಯ ಧಾಟಿ ಬೇರೆ.

ಮಂಡ್ಯದ ಕಬ್ಬಿನ ಬದುಗಳಲ್ಲಿ ಬಿಲ ತೋಡುವ ಹೆಗ್ಗಣ ಈ ವಂಶದ್ದಲ್ಲ, ರಾತ್ರಿ ಹೊರಗೆ ಮೇಯುವ ಪ್ರಾಣಿ. ಆದರೂ ಬಿಲದ ಭೌತಶಾಸ್ತ್ರ ಅದೇ: ಕೀರಲು ಸದ್ದು ಒಳಗೆ ದೂರ ಸಾಗದು. ಮನುಷ್ಯರಿಗೆ ಕೇಳದಷ್ಟು ಕೀರಲು ಸದ್ದು ಮಾಡಿ ಇಲಿ ಓಡಿಸುವ ಶ್ರವಣಾತೀತ ಯಂತ್ರವನ್ನು ಪಂಪ್‌ಸೆಟ್ ಮನೆಗೆ ಸಿಕ್ಕಿಸಿ ಬದುವಿನ ಹೆಗ್ಗಣ ಹೋದೀತೆಂದು ಕಾಯುವುದು ದುಡ್ಡು ದಂಡ.

ನನಗೆ ಹೆಚ್ಚು ಚಿಂತೆ ಆಲೆಮನೆಯವರದು. ಪಾಂಡವಪುರದ ಕಡೆಯಿಂದ ಬರುವ ಗಾಣದ ಕೆಲಸಗಾರರ ಶ್ರವಣನಕ್ಷೆಯಲ್ಲಿ (ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ತೋರುವ ಗೆರೆ) ಕೆಳಸ್ವರಗಳು ಸರಿಯಾಗೇ ಇರುತ್ತವೆ, 4,000 ಹರ್ಟ್ಸ್ ಬಳಿ ಗೆರೆ ಕುಸಿದಿರುತ್ತದೆ. ಎಂಜಿನ್ ಸದ್ದಿಗೆ ಮೊದಲು ನಲುಗುವುದು ಅದೇ ಹೊರಸಾಲಿನ ಕೋಶಗಳು. "ಕೇಳಿಸುತ್ತದೆ ಸಾರ್, ಆದರೆ ಏನಂದರು ಅಂತ ತಿಳಿಯುವುದಿಲ್ಲ" ಎನ್ನುತ್ತಾರೆ. ಸ, ಶ, ತ, ಕ ಎಲ್ಲವೂ ಮೇಲುಸ್ವರದ ಆಸರೆಯಲ್ಲಿ ನಿಂತ ಅಕ್ಷರಗಳು. ಬಿಲದಿಲಿಗೆ ಅವು ಬೇಡ, ನಮಗೆ ಬೇಕು. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಹತ್ತಿ ತುರುಕಿದರೆ ಸಾಲದು, ಔಷಧ ಅಂಗಡಿಯ ಫೋಮ್ ಇಯರ್‌ಪ್ಲಗ್ ಹಿಸುಕಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟುಕೊಂಡು, ಅದು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು.